ಕಂಠಕ್ಕೆ ಅಂಜಿಕೆಯ ಬೀಗ ಬೇಡ



ಭಜನೆಗೆ ಬನ್ನಿರಿ ಎಂದರೆ ಬಹಳ ಮಂದಿ ಬರುತ್ತೀರಿ. ಹಾಡಿರಿ ಎಂದರೆ ಮಾತ್ರ ಒಬ್ಬರ ಹಿಂದೆ ಒಬ್ಬರು ಸರಿಯುತ್ತೀರಿ. “ಅಪ್ಪಾವರೇ, ನಮಗೆಲ್ಲಿ ಕಂಠ ಐತ್ರಿ? ನಾವು ಕೇಳೋ ಮಂದಿ” ಎನ್ನುತ್ತೀರಿ. ಕೇಳಿದವರು ಇದನ್ನು ವಿನಯವೆಂದು ತಿಳಿಯುತ್ತಾರೆ. ಆದರೆ ವಿನಯ ಬೇರೆ, ಅಂಜಿಕೆ ಬೇರೆ. ವಿನಯವುಳ್ಳವನು “ನನಗೆ ಬರುವುದಿಲ್ಲ, ಕಲಿಸಿರಿ” ಎಂದು ಮುಂದೆ ಬಂದು ಕೂಡ್ರುತ್ತಾನೆ. ಅಂಜಿದವನು “ನನಗೆ ಬರುವುದಿಲ್ಲ” ಎಂದು ಎದ್ದು ಹೋಗುತ್ತಾನೆ.

ಈ ಅಂಜಿಕೆ ಹುಟ್ಟಿನಿಂದ ಬಂದುದಲ್ಲ. ತೊಟ್ಟಿಲಲ್ಲಿಯ ಕೂಸು ಯಾರ ಅಪ್ಪಣೆಯನ್ನೂ ಕೇಳದೆ ತನ್ನಷ್ಟಕ್ಕೆ ತಾನೇ ರಾಗ ಎಳೆಯುತ್ತದೆ. ಮುಂದೆ ದೊಡ್ಡದಾದಂತೆ ಯಾರೋ ಒಬ್ಬರು ನಗುತ್ತಾರೆ, ಇನ್ನೊಬ್ಬರು “ಸಾಕು ನಿಲ್ಲಿಸು” ಎನ್ನುತ್ತಾರೆ. ಅಂದವರು ಅಲ್ಲಿಯೇ ಮರೆಯುತ್ತಾರೆ. ಅನ್ನಿಸಿಕೊಂಡವರು ಜೀವಮಾನವೆಲ್ಲ ಹೊತ್ತುಕೊಂಡು ತಿರುಗುತ್ತಾರೆ.

ನಮ್ಮಲ್ಲಿಗೆ ಬರುವ ಒಬ್ಬ ವೃದ್ಧ ತಾಯಿ ಇದ್ದಾರೆ. ಬೀಸುವ ಕಲ್ಲಿನ ಪದ, ಸೋಬಾನೆ ಪದ, ತೊಟ್ಟಿಲ ಪದ ಎಲ್ಲವನ್ನೂ ಬಲ್ಲವರು. ಮದುವೆಯಾಗಿ ಬಂದ ಹೊಸದರಲ್ಲಿ ಯಾರೋ ಅವರ ದನಿಯನ್ನು ಹಾಸ್ಯ ಮಾಡಿದರಂತೆ. ಅಂದಿನಿಂದ ನಾಲ್ಕು ಮಂದಿಯ ಎದುರಿಗೆ ಅವರು ಬಾಯಿ ಬಿಟ್ಟಿಲ್ಲ. ಮಗಳಿಗೆ ಆ ಪದಗಳು ಬಾರವು, ಮೊಮ್ಮಗಳು ಕೇಳಿಯೇ ಇಲ್ಲ. ಒಂದು ನಗೆಗೆ ಒಂದು ಮನೆತನದ ಹಾಡು ನಿಂತುಹೋಯಿತು. ಇದು ಸಣ್ಣ ನಷ್ಟವೇ? ನೀವೇ ವಿಚಾರ ಮಾಡಿರಿ.

ಇನ್ನು ಕೆಲವರಿಗೆ ಬೇರೆಯವರು ನಗಬೇಕಾದ ಕಾರಣವೇ ಇಲ್ಲ. ಇಂದು ಕೈಯಲ್ಲಿ ಮೊಬೈಲು ಇದೆ. ತಮ್ಮ ಹಾಡನ್ನು ಅದರಲ್ಲಿ ಮುದ್ರಿಸಿಕೊಂಡು ಕೇಳುತ್ತಾರೆ, “ಅಯ್ಯೋ, ಇದು ನನ್ನ ದನಿಯೇ?” ಎಂದು ಗಾಬರಿಯಾಗುತ್ತಾರೆ. ಇದರಲ್ಲಿ ಗಾಬರಿಯಾಗುವಂಥದು ಏನೂ ಇಲ್ಲ. ನಾವು ಹಾಡುವಾಗ ನಮ್ಮ ದನಿ ಗಾಳಿಯ ಮೂಲಕ ಕಿವಿಗೆ ಬರುವುದಲ್ಲದೆ ತಲೆಯ ಎಲುಬಿನ ಮೂಲಕವೂ ಒಳಗಿವಿಗೆ ಮುಟ್ಟುತ್ತದೆ. ಆದ್ದರಿಂದ ನಮಗೆ ಅದು ತುಂಬಿದ ದನಿಯಾಗಿ ಕೇಳುತ್ತದೆ. ಮುದ್ರಿಸಿದ ದನಿ ಗಾಳಿಯಿಂದ ಮಾತ್ರ ಬರುವುದರಿಂದ ತೆಳ್ಳಗೆ, ಪರಕೀಯವಾಗಿ ತೋರುತ್ತದೆ. ದೊಡ್ಡ ಗಾಯಕರಿಗೂ ಈ ನಿಯಮ ತಪ್ಪಿದ್ದಲ್ಲ. ದನಿ ಹೊಸದಾಗಿ ಕೇಳಿತೆಂದ ಮಾತ್ರಕ್ಕೆ ಅದು ಕೆಟ್ಟ ದನಿ ಎಂದಾಗಲಿಲ್ಲ.

ಗಂಗೂಬಾಯಿ ಹಾನಗಲ್ ಅವರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿಯುವುದಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಎಳೆಯ ವಯಸ್ಸಿನಲ್ಲಿ ಅವರದು ಸಣ್ಣ, ಏರು ದನಿ. ಮುಂದೆ ಗಂಟಲಿಗೆ ಚಿಕಿತ್ಸೆಯಾದ ಮೇಲೆ ಆ ದನಿ ಹೋಗಿ ಗಡಸು ದನಿ ಬಂದಿತು. ನೋಡದೆ ಕೇಳಿದವರು ಗಂಡಸರು ಹಾಡುತ್ತಿದ್ದಾರೆಂದೇ ತಿಳಿಯುವಂತಾಯಿತು. ಆ ತಾಯಿ ತಂಬೂರಿಯನ್ನು ಮೂಲೆಗೆ ನಿಲ್ಲಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಅವರು ಹೋದ ದನಿಗಾಗಿ ಅಳುತ್ತ ಕೂಡ್ರಲಿಲ್ಲ. ಬಂದ ದನಿಯಲ್ಲಿಯೇ ಸಾಧನೆ ಮಾಡಿದರು. ಕೊನೆಗೆ ಲೋಕವು ಅವರನ್ನು ಗುರುತಿಸಿದ್ದು ಆ ಗಂಭೀರ ದನಿಯಿಂದಲೇ. 2002ರಲ್ಲಿ ಪದ್ಮವಿಭೂಷಣ ಬಂದಿತು. 2009ರಲ್ಲಿ ಅವರು ತೀರಿಕೊಂಡರು. ದನಿ ಇಂದಿಗೂ ನಮ್ಮ ಕಿವಿಯಲ್ಲಿದೆ.

ನಾವೆಲ್ಲರೂ ಗಂಗೂಬಾಯಿಯವರಂತೆ ಆಗುತ್ತೇವೆಯೆ? ಇಲ್ಲ. ಆಗಬೇಕಾಗಿಯೂ ಇಲ್ಲ. ಆದರೆ ಸಾಧನೆಯಿಂದ ಇರುವ ದನಿ ತಿದ್ದುತ್ತದೆ ಎಂಬುದು ಎಲ್ಲರಿಗೂ ಸಲ್ಲುವ ಮಾತು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿರಿ. ಪಂಚಾಕ್ಷರಿ ಗವಾಯಿಗಳು ಸ್ವತಃ ಕಣ್ಣಿಲ್ಲದವರು. ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಅನ್ನವಿಟ್ಟು ಸ್ವರ ಕಲಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಕಾರ್ಯವನ್ನು ನಡೆಸಿದರು. ಲೋಕವು ಕೈಲಾಗದವರೆಂದು ಬದಿಗೆ ಸರಿಸಿದ ಮಕ್ಕಳು ಅಲ್ಲಿಂದ ಗಾಯಕರಾಗಿ, ವಾದಕರಾಗಿ, ಕೀರ್ತನಕಾರರಾಗಿ ಹೊರಬಂದರು. ಅವರನ್ನು ಎತ್ತಿದ್ದು ನಿತ್ಯದ ಅಭ್ಯಾಸ.

ಹಾಗಾದರೆ ನೀವು ಮಾಡಬೇಕಾದುದೇನು? ಮೊದಲು ನಿಮ್ಮ ಶ್ರುತಿಯನ್ನು ಕಂಡುಕೊಳ್ಳಿರಿ. ಬೇರೆಯವರ ಎತ್ತರಕ್ಕೆ ಹಾಡಹೋಗಿ ಗಂಟಲು ಒಡೆದರೆ ಅದು ಕಂಠದ ದೋಷವಲ್ಲ. ಪೇಟಿ ಬಾರಿಸುವವರಿಗೆ “ಸ್ವಲ್ಪ ಇಳಿಸಿರಿ” ಎಂದು ಹೇಳುವುದಕ್ಕೆ ನಾಚಬೇಡಿರಿ. ಎರಡನೆಯದು, ಬೆಳಗಿನ ಜಾವ ಕಾಲು ಗಂಟೆ ತಂಬೂರಿಯ ಜೊತೆಗೆ ಷಡ್ಜವೊಂದನ್ನೇ ಹಿಡಿದು ನಿಲ್ಲಿಸಿರಿ. ಮೂರನೆಯದು, ಹಾಡುವುದಕ್ಕಿಂತ ಹೆಚ್ಚು ಕೇಳಿರಿ. ಕಿವಿ ಪಳಗಿದಂತೆ ಕಂಠ ಅದರ ಹಿಂದೆ ಬರುತ್ತದೆ. ತಾಯಂದಿರೇ, ನೀವು ರೊಟ್ಟಿ ಕಲಿತ ದಿನ ನೆನಪಿದೆಯೇ? ಮೊದಲನೆಯ ರೊಟ್ಟಿ ಹರಿಯಿತು, ಎರಡನೆಯದು ಹೊತ್ತಿತು. ನೀವು ಹಂಚನ್ನು ಹೊರಗೆ ಒಗೆದಿರೇನು? ನಾಳೆ ಮತ್ತೆ ಹಿಟ್ಟು ನಾದಿದಿರಿ. ಹಾಡಿಗೂ ಅಷ್ಟೇ ತಾಳ್ಮೆ ಕೊಡಿರಿ.

ಕೇಳುವವರಿಗೂ ಒಂದು ಮಾತು. ಕಲಿಯುವವರ ಅಪಸ್ವರಕ್ಕೆ ನಗಬೇಡಿರಿ. ತಪ್ಪಿದ್ದರೆ ಆಮೇಲೆ ಪಕ್ಕಕ್ಕೆ ಕರೆದು ತಿದ್ದಿರಿ. ನಿಮ್ಮ ನಗೆ ಯಾರ ಕಂಠಕ್ಕೆ ಬೀಗ ಹಾಕುತ್ತದೆಯೋ ನಿಮಗೆ ತಿಳಿಯದು.

ಅಣ್ಣ ಬಸವಣ್ಣನವರೂ ತಾಳದ ಲೆಕ್ಕಾಚಾರ ತಮಗೆ ತಿಳಿಯದೆಂದು ದೇವರ ಮುಂದೆ ಬಿಚ್ಚಿ ಹೇಳಿಕೊಂಡಿದ್ದಾರೆ. ತಿಳಿಯದೆಂದು ಅವರು ಸುಮ್ಮನಾಗಲಿಲ್ಲ. ಪ್ರೀತಿಯನ್ನೇ ಆಧಾರ ಮಾಡಿಕೊಂಡು ಹಾಡಿದರು. ನಾವು ಹಾಡುವಾಗ ಅಂಜುವುದೇಕೆಂದರೆ, ಮನಸ್ಸು ಹಾಡಿನಲ್ಲಿ ಇರುವುದಿಲ್ಲ. “ನಾನು ಹೇಗೆ ಕೇಳಿಸುತ್ತಿದ್ದೇನೆ” ಎಂಬುದರಲ್ಲಿ ಇರುತ್ತದೆ. ಆ “ನಾನು” ತುಸು ಹಿಂದೆ ಸರಿದರೆ ಹಾಡಿಗೆ ದಾರಿಯಾಗುತ್ತದೆ.

ಈ ರಾತ್ರಿ ಮನೆಗೆ ಹೋದ ಮೇಲೆ ನಿಮಗೆ ಬರುವ ಒಂದು ಪದವನ್ನು ಮಕ್ಕಳ ಮುಂದೆ ಹಾಡಿರಿ. ಪೂರ್ತಿ ಬಾರದಿದ್ದರೆ ಬಂದಷ್ಟು ಹಾಡಿರಿ. ನಿಮ್ಮೆಲ್ಲರ ಕಂಠಗಳು ತೆರೆಯಲಿ ಎಂದು ಹಾರೈಸಿ ನಮ್ಮ ಮಾತಿಗೆ ವಿರಾಮ ಕೊಡುತ್ತೇವೆ.