ಮೆರಿಟ್ ಮಾತಿಗೆ ಮುಂಚೆ ಖರ್ಚಿನ ಲೆಕ್ಕ

"ಮಹಿಳೆಯರಿಗೆ ಕೋಟಾ ಕೊಟ್ರೆ ಮೆರಿಟ್ ಕಥೆ ಏನು?" ಅಂತ ಕೇಳ್ತೀರಿ. ಸರಿ, ಇಂಟರ್‌ವ್ಯೂನಲ್ಲಿ "ಮದುವೆ ಯಾವಾಗ?" ಅಂತ ಹುಡುಗೀರನ್ನ ಮಾತ್ರ ಕೇಳೋದು ಯಾವ ಮೆರಿಟ್?

ಅದರ ಹಿಂದೆ ಇರೋದು ದುಡ್ಡಿನ ಲೆಕ್ಕ. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆಯನ್ನು 12ರಿಂದ 26 ವಾರಕ್ಕೆ ಏರಿಸಿತು. ಒಳ್ಳೇದೇ. ಆದ್ರೆ ಇಎಸ್‌ಐ ಇಲ್ಲದವರಿಗೆ ಆ ಸಂಬಳ ಪೂರ್ತಿ ಕಂಪನಿಯೇ ಕೊಡಬೇಕು. ಖಾಸಗಿ ಕೆಲಸದಲ್ಲಿರೋ ಅಪ್ಪನಿಗೆ ಕಾನೂನಿನ ರಜೆಯೇ ಇಲ್ಲ. ಹಾಗಾಗಿ ಸಣ್ಣ ಕಂಪನಿ ಕಣ್ಣಿಗೆ ಹುಡುಗಿ ಅಂದ್ರೆ ಖರ್ಚು, ಹುಡುಗ ಅಂದ್ರೆ ಉಳಿತಾಯ.

ಕೋಟಾ ಬಾಗಿಲು ತೆರೆಸುತ್ತೆ, ನಿಜ. ಈ ಲೆಕ್ಕ ಮಾತ್ರ ಬದಲಾಯಿಸಲ್ಲ. ಹೆರಿಗೆ ಸಂಬಳದ ಹೊರೆಯನ್ನು ಸರ್ಕಾರವೂ ಹಂಚಿಕೊಳ್ಳಲಿ, ಅಪ್ಪಂದಿರಿಗೂ ರಜೆ ಕಡ್ಡಾಯವಾಗಲಿ. ಆಮೇಲೆ ಮೆರಿಟ್ ಬಗ್ಗೆ ಧಾರಾಳವಾಗಿ ಮಾತಾಡೋಣ. ನೀವೇನಂತೀರಿ?