ಚಾಲಕನ ನೆಗಡಿ



ಕಾರ್ತಿಕ ಮುಗಿಯುತ್ತ ಬಂತೆಂದರೆ ನಮ್ಮ ಹೆದ್ದಾರಿಗಳಿಗೆ ಬೇರೆಯದೇ ಕಳೆ. ಮುಂದೆ ಚೆಂಡುಹೂವಿನ ಹಾರ ಹಾಕಿಕೊಂಡು, ಗಾಜಿನ ಮೇಲೆ ಅಯ್ಯಪ್ಪನ ಚಿತ್ರ ಅಂಟಿಸಿಕೊಂಡ ಟೆಂಪೊ ಟ್ರಾವೆಲರುಗಳು ಸಾಲುಸಾಲಾಗಿ ತೆಂಕಣಕ್ಕೆ, ಶಬರಿಮಲೆಗೆ ಹೊರಡುತ್ತವೆ. ನವೆಂಬರ್ ನಡುವಿನಿಂದ ಸಂಕ್ರಾಂತಿಯ ಮಕರಜ್ಯೋತಿಯವರೆಗೂ ಈ ಓಡಾಟ ನಡೆದೇ ಇರುತ್ತದೆ. ಹಾವೇರಿ ಕಡೆಯಿಂದ ಹೊರಟವರು ಬೆಂಗಳೂರು, ಸೇಲಂ, ಕೊಯಮತ್ತೂರು, ಪಾಲಕ್ಕಾಡು ದಾಟಿ ಎರುಮೇಲಿ ಮುಟ್ಟುವಷ್ಟರಲ್ಲಿ ಹೆಚ್ಚುಕಡಿಮೆ ಸಾವಿರ ಕಿಲೋಮೀಟರ್ ಆಗಿರುತ್ತದೆ.

ನಸುಕಿನಲ್ಲಿ ತಣ್ಣೀರು ಸ್ನಾನ, ಅರೆಬರೆ ನಿದ್ದೆ, ಚಳಿಗೆ ಹೆದರಿ ಬಿಗಿಯಾಗಿ ಮುಚ್ಚಿದ ಕಿಟಕಿ, ಒತ್ತಿಕೊಂಡು ಕೂತ ಹತ್ತು ಹನ್ನೆರಡು ಜನ. ಇಂಥಲ್ಲಿ ಒಬ್ಬರು ಸೀನಿದರೆ ಎರಡು ಮೂರು ದಿನದಲ್ಲಿ ಇನ್ನೂ ನಾಲ್ಕು ಜನರ ಮೂಗು ಸೋರತೊಡಗುತ್ತದೆ. ನೆಗಡಿ ತರುವುದು ವೈರಾಣು. ಒಳಗಿನ ಗಾಳಿ ಒಳಗೇ ಸುತ್ತುತ್ತಿದ್ದರೆ ಅದಕ್ಕೆ ಹರಡುವುದು ಸುಲಭ. ಕಿಟಕಿಯನ್ನು ನಾಲ್ಕು ಬೆರಳಗಲ ತೆರೆಯುವುದು, ಸೀನುವವರು ಮಾಸ್ಕ್ ಹಾಕಿಕೊಳ್ಳುವುದು, ಬಿಸಿನೀರು ಕುಡಿಯುವುದು, ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ಹಿಂದೆ ಕೂತವರಿಗೆ ಇನ್ನೊಂದು ಅನುಕೂಲವೂ ಇದೆ. ಮಾತ್ರೆ ನುಂಗಿ, ಕಂಬಳಿ ಹೊದ್ದು, ನಿದ್ದೆ ಮಾಡಬಹುದು. ಆ ಅನುಕೂಲ ಇಲ್ಲದ ಸೀಟು ಗಾಡಿಯಲ್ಲಿ ಒಂದೇ ಒಂದು.

ಕೆಲವು ವರ್ಷಗಳ ಹಿಂದೆ ಅಂಥದೊಂದು ಗಾಡಿಯಲ್ಲಿ ನಾನಿದ್ದೆ. ಕೃಷ್ಣಗಿರಿ ದಾಟಿ ಧರ್ಮಪುರಿಯ ಕಡೆ ಹೋಗುತ್ತಿದ್ದೆವು. ಬೆಳಗಿನ ಜಾವ ಮೂರು ಗಂಟೆಯ ಸುಮಾರು. ರಸ್ತೆಯ ಮೇಲೆ ತೆಳ್ಳಗೆ ಮಂಜು. ಚಹಾಕ್ಕೆ ನಿಲ್ಲಿಸಿದಾಗ ನಮ್ಮ ತಂಡದ ಹಿರಿಯರಾದ ಗುರುಸ್ವಾಮಿಗಳು ಚಾಲಕನನ್ನು ದೀಪದ ಬೆಳಕಿನಲ್ಲಿ ಸರಿಯಾಗಿ ನೋಡಿದರು. ಕಣ್ಣು ಕೆಂಪಗಾಗಿತ್ತು. ಹೆಗಲ ಮೇಲಿನ ಟವೆಲ್ಲಿನ ತುದಿ ಮೂಗು ಒರೆಸಿ ಒರೆಸಿ ಒದ್ದೆಯಾಗಿತ್ತು.

“ಆರಾಮ ಇಲ್ಲೇನಪಾ?” ಎಂದು ಕೇಳಿದರು.

“ಏನಿಲ್ರೀ ಸ್ವಾಮಿ, ಬರೇ ನೆಗಡಿ. ಗುಳಿಗಿ ತಗೊಂಡೀನ್ರೀ.”

“ಯಾವ ಗುಳಿಗಿ? ತೋರಿಸು.”

ಅವನು ಕಿಸೆಯಿಂದ ತೆಗೆದು ತೋರಿಸಿದ್ದು ಔಷಧಿ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ನೆಗಡಿ ಮಾತ್ರೆ. ಇಂಥ ಎಷ್ಟೋ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮಿನ್ ಎಂಬ ಔಷಧ ಇರುತ್ತದೆ. ಅದು ಮೂಗು ಸೋರುವುದನ್ನು ನಿಲ್ಲಿಸುತ್ತದೆ, ಜೊತೆಗೆ ಮಂಪರನ್ನೂ ತರುತ್ತದೆ. ಮುಂದೆ ಇದ್ದದ್ದು ತೊಪ್ಪೂರು ಘಾಟಿ. ಅಪಘಾತಗಳಿಗೆ ಹೆಸರಾದ ಇಳಿಜಾರು. ಗುರುಸ್ವಾಮಿಗಳು ಮತ್ತೆ ಏನೂ ಕೇಳಲಿಲ್ಲ. ಹಿಂದಿನ ಉದ್ದ ಸೀಟು ಖಾಲಿ ಮಾಡಿಸಿದರು. ಅಡುಗೆಗೆಂದು ತಂದಿದ್ದ ಗ್ಯಾಸ್ ಒಲೆ ಹಚ್ಚಿಸಿ, ಒಣಶುಂಠಿ, ಮೆಣಸು, ಬೆಲ್ಲ ಹಾಕಿ ಕಷಾಯ ಕುದಿಸಿದರು. ಲೋಟ ಅವನ ಕೈಗಿಟ್ಟು, “ಕುಡುದು ಮಲಕ್ಕೊ. ಬಿಸಲು ಬಿದ್ದು, ನಿನ್ನ ಕಣ್ಣು ತಿಳಿ ಆದ ಮ್ಯಾಲ ಹೊರಡೋಣು” ಎಂದರು.

ದರ್ಶನಕ್ಕೆ ಮೊದಲೇ ಸಮಯ ಕಾದಿರಿಸಿದ್ದೆವು. ಒಂದಿಬ್ಬರು ಗೊಣಗಿದರು. “ಬರ್ರಿ ಅಂತ ಕರದಾಂವ ಕಾಯ್ತಾನ” ಎಂದಷ್ಟೇ ಹೇಳಿ ಗುರುಸ್ವಾಮಿಗಳು ರಸ್ತೆಬದಿಯ ಕಲ್ಲಿನ ಮೇಲೆ ಕೂತರು.

ಅವರು ಮಾಡಿದ್ದು ಎಷ್ಟು ದೊಡ್ಡ ಕೆಲಸ ಎನ್ನುವುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ಸೀನುವಾಗ ಕಣ್ಣು ತಾನಾಗಿ ಮುಚ್ಚುತ್ತದೆ. ಇನ್ನು ಮಾತ್ರೆಯ ಮಂಪರಿನಲ್ಲಿ ಮೂರು ಸೆಕೆಂಡ್ ರೆಪ್ಪೆ ಜೋತರೆ ಅರವತ್ತಕ್ಕೂ ಹೆಚ್ಚು ಮೀಟರ್ ದೂರ ಗಾಡಿಯನ್ನು ಯಾರೂ ನಡೆಸುತ್ತಿರುವುದಿಲ್ಲ. ಅದೂ ಬೆಳಗಿನ ಜಾವ, ಆರೋಗ್ಯವಂತರಿಗೇ ಎಚ್ಚರ ಕುಗ್ಗುವ ಹೊತ್ತಿನಲ್ಲಿ.

ಹಾಗಾದರೆ ಚಾಲಕ ತಾನಾಗಿ ಏಕೆ ಹೇಳುವುದಿಲ್ಲ? ಹೇಳಿದರೆ ಬಾಡಿಗೆ ಕೈತಪ್ಪುತ್ತದೆ. ವರ್ಷದಲ್ಲಿ ಎರಡು ತಿಂಗಳ ಈ ಸೀಜನ್ನಿನಲ್ಲೇ ಅವನು ಮಕ್ಕಳ ಶಾಲೆಯ ಫೀಸು, ಮನೆಯ ಸಾಲದ ಕಂತು ಎಲ್ಲವನ್ನೂ ಹೊಂದಿಸಬೇಕು. ‘ಮೈಗೆ ಹುಷಾರಿಲ್ಲ’ ಎಂದರೆ ಮಾಲೀಕರು ಕೀಲಿ ಬೇರೆಯವನ ಕೈಗೆ ಕೊಡುತ್ತಾರೆ. ದಿನದ ಬಾಟಾವೂ ಹೋಗುತ್ತದೆ. ಹಾಗಾಗಿ ‘ಬರೇ ನೆಗಡಿ’ ಎನ್ನುತ್ತಾನೆ. ಕೇಳಿದ ನಮಗೂ ಅದನ್ನು ನಂಬುವುದು ಅನುಕೂಲ.

ಕಾಯ್ದೆಯೇನೋ ಮೊದಲಿನಿಂದಲೂ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ದುಡಿಮೆ ಸಾಮಾನ್ಯವಾಗಿ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಮೀರಬಾರದಿತ್ತು. ಐದು ತಾಸಿಗೆ ಒಮ್ಮೆ ಕನಿಷ್ಠ ಅರ್ಧ ತಾಸು ಬಿಡುವು ಸಿಗಬೇಕಿತ್ತು. ಆದರೆ ನಾವು ಪ್ರವಾಸದ ಯೋಜನೆ ಹಾಕುವಾಗ ಎಷ್ಟು ಊರು, ಎಷ್ಟು ಗುಡಿ ಎಂದು ಲೆಕ್ಕ ಹಾಕುತ್ತೇವೆ. ರಾತ್ರಿ ಪ್ರಯಾಣ ಮಾಡಿದರೆ ಒಂದು ದಿನ ಉಳಿಯಿತು ಎನ್ನುತ್ತೇವೆ. ಆ ದಿನ ಉಳಿದದ್ದು ಚಾಲಕನ ನಿದ್ದೆಯಿಂದ.

ಶಬರಿಮಲೆಯಲ್ಲಿ ಪಂಪೆಯಿಂದ ಬೆಟ್ಟ ಹತ್ತುವವರಿಗೆ ದಾರಿಯುದ್ದಕ್ಕೂ ಒಣಶುಂಠಿ, ಲಾವಂಚ ಹಾಕಿ ಕುದಿಸಿದ ಬಿಸಿನೀರು ಕೊಡುತ್ತಾರೆ. ದಣಿದ ಗಂಟಲಿಗೆ ಅದು ಅಮೃತ. ನಮ್ಮನ್ನು ಅಲ್ಲಿಯವರೆಗೆ ಕರೆತಂದವನು ಆ ಹೊತ್ತಿನಲ್ಲಿ ಎಷ್ಟೋ ಸಲ ನಿಲಕ್ಕಲ್ಲಿನ ವಾಹನ ನಿಲ್ದಾಣದಲ್ಲಿ ಸೀಟಿನ ಮೇಲೆ ಮುದುಡಿಕೊಂಡಿರುತ್ತಾನೆ. ಆ ಬಿಸಿನೀರನ್ನು ಒಂದು ಬಾಟಲಿಯಲ್ಲಿ ಅವನಿಗೂ ತರಬಹುದು ಎಂದು ನಮ್ಮಲ್ಲಿ ಎಷ್ಟು ಜನರಿಗೆ ಹೊಳೆಯುತ್ತದೆ?

ಈ ಚಳಿಗಾಲದಲ್ಲಿ ನೀವು ಎಲ್ಲಿಗೇ ಹೊರಡಿ, ಯಾತ್ರೆಯಿರಲಿ, ಮದುವೆಯಿರಲಿ, ಶಾಲೆಯ ಪ್ರವಾಸವಿರಲಿ, ದೂರದ ದಾರಿಯಾದರೆ ಎರಡನೆಯ ಚಾಲಕನ ಖರ್ಚನ್ನು ಮೊದಲೇ ಹಂಚಿಕೊಳ್ಳಿ. ಅದು ಆಗದಿದ್ದರೆ ರಾತ್ರಿ ಎಲ್ಲಾದರೂ ತಂಗಿ, ನಿಮಗೆ ಕೋಣೆ ಹಿಡಿಯುವಾಗ ಅವನಿಗೂ ಒಂದು ಹಾಸಿಗೆ ಕೇಳಿ. ಊಟಕ್ಕೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿದ್ದೆಯಾಯಿತೇ, ಮೈ ಹೇಗಿದೆ, ಏನು ಮಾತ್ರೆ ತೆಗೆದುಕೊಂಡಿದ್ದೀರಿ ಎಂದು ವಿಚಾರಿಸಿ. ಹುಷಾರಿಲ್ಲ ಎಂದರೆ ಗಾಡಿ ನಿಲ್ಲಿಸಿ, ಆ ದಿನದ ಬಾಟಾ ಕತ್ತರಿಸಬೇಡಿ. ನಿಜ ಹೇಳಿದ್ದಕ್ಕೆ ಕೂಲಿ ಕಳೆದುಕೊಳ್ಳುವ ಭಯ ಹೋದರೆ, ಮುಂದಿನ ಸಲ ಅವನೇ ಬಂದು ಹೇಳುತ್ತಾನೆ. ಅವನು ಹಾಗೆ ಹೇಳಬಲ್ಲ ಗಾಡಿಯಲ್ಲಿ ಕೂತವರೆಲ್ಲ ಸುಖವಾಗಿ ಮನೆ ಸೇರುತ್ತಾರೆ.