ಡಿಸ್ಕ್ ಕಾಣಿಸ್ತಿಲ್ಲ, ಸರಿ. ಯಾರಿಗೆ ಕಾಣಿಸ್ತಿಲ್ಲ?

ಕೀಲ್ಪಾಕ್‌ನಿಂದ ಮಾತಾಡ್ತಿದ್ದೀನಿ. ಹಿಂದೆ ಫ್ಯಾನ್ ಸದ್ದು ಕೇಳಿಸಿದ್ರೆ ಕ್ಷಮಿಸಿ, ಚೆನ್ನೈಯಲ್ಲಿ ಫ್ಯಾನ್ ಆರಿಸಿಕೊಂಡು ವಿಡಿಯೋ ಮಾಡೋದು ನನ್ನಿಂದ ಆಗೋ ಕೆಲಸ ಅಲ್ಲ.

ಹೊಸದಾಗಿ ಕಂಪ್ಯೂಟರ್ ಜೋಡಿಸಿದ ಗೆಳೆಯರಿಂದ ನನಗೆ ಬರೋ ಮೆಸೇಜ್ ಸಾಮಾನ್ಯವಾಗಿ ಒಂದೇ ಸಾಲು: "ಎಸ್‌ಎಸ್‌ಡಿ ಡಿಟೆಕ್ಟ್ ಆಗ್ತಿಲ್ಲ, ಏನ್ ಮಾಡ್ಲಿ?" ನಾನು ತಿರುಗಿ ಕೇಳೋದೂ ಒಂದೇ ಸಾಲು: "ಯಾರಿಗೆ ಕಾಣಿಸ್ತಿಲ್ಲ?" ಅವರಿಗೆ ಇದು ತಮಾಷೆ ಅನ್ನಿಸುತ್ತೆ. ಆದ್ರೆ ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆ ಬಗ್ಗೆನೇ. ಇದನ್ನ ನಾನು ಕಲಿತಿದ್ದು ಕ್ಲಾಸಲ್ಲಿ ಅಲ್ಲ. ಎಂ.ಟೆಕ್ ಮುಗಿಸಿ ಎಷ್ಟೋ ವರ್ಷ ಆದಮೇಲೆ, ಪಕ್ಕದ ಮನೆಯವರ ಮುಂದೆ ಎರಡೆರಡು ಸಲ ಮುಖಭಂಗ ಆದಮೇಲೆ.

2022ರ ಮೇ ತಿಂಗಳು. ಇಲ್ಲಿಯವರು ಅಗ್ನಿನಕ್ಷತ್ರ ಅಂತಾರಲ್ಲ, ಆ ಬಿಸಿಲು. ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಧಾರವಾಡ ಕಡೆಯ ಹಿರಿಯರೊಬ್ಬರು ಇದ್ದಾರೆ, ರಾಯರು ಅಂತೀವಿ. ರೈಲ್ವೆ ಕೆಲಸಕ್ಕೆ ಅಂತ ಮದ್ರಾಸಿಗೆ ಬಂದವರು ಇಲ್ಲೇ ಉಳಿದುಬಿಟ್ಟರು. ಅವರ ಹಳೇ ಕಂಪ್ಯೂಟರ್ ಸತ್ತುಹೋಯ್ತು. "ನೀ ಎಂಜಿನಿಯರ್ ಇದ್ದಿ, ಒಂದು ಹೊಸಾದು ಮಾಡಿಕೊಡಪಾ" ಅಂದರು. ಬಜೆಟ್ ಕಡಿಮೆ. ರಿಚ್ಚಿ ಸ್ಟ್ರೀಟ್‌ಗೆ ಹೋಗಿ ಇಂಟೆಲ್‌ನ ಹತ್ತನೇ ತಲೆಮಾರಿನ ಐ5-10400, ಒಂದು ಬಿ560 ಬೋರ್ಡು, ಒಂದು ಎನ್‌ವಿಎಂಇ ಎಸ್‌ಎಸ್‌ಡಿ ತಂದೆ. ಆ ಕಾಲಕ್ಕೆ ಕಡಿಮೆ ದುಡ್ಡಿಗೆ ಒಳ್ಳೇ ಜೋಡಿ ಅದು.

ಜೋಡಿಸಿದೆ. ಎಸ್‌ಎಸ್‌ಡಿಯನ್ನ ಪ್ರೊಸೆಸರಿಗೆ ಹತ್ತಿರ ಇರೋ ಮೇಲಿನ ಎಂ.2 ಸ್ಲಾಟಿಗೆ ಹಾಕಿದೆ. ಎಲ್ಲರೂ ಅಲ್ಲೇ ಹಾಕೋದು, ಅದೇ ವೇಗದ ಸ್ಲಾಟ್ ಅಂತ. ವಿಂಡೋಸ್ ಪೆನ್ ಡ್ರೈವ್ ಚುಚ್ಚಿ ಇನ್‌ಸ್ಟಾಲರ್ ಶುರು ಮಾಡಿದೆ. ಎಲ್ಲಿ ಇನ್‌ಸ್ಟಾಲ್ ಮಾಡ್ಬೇಕು ಅಂತ ಕೇಳೋ ಪುಟ ಬಂತು. ಪಟ್ಟಿ ಖಾಲಿ. ಯಾವ ಡ್ರೈವೂ ಇಲ್ಲ, ಡ್ರೈವರ್ ಲೋಡ್ ಮಾಡಿ ಅಂತ ಕೆಳಗೊಂದು ಸಾಲು.

ಸರಿ, ಡ್ರೈವರ್ ಸಮಸ್ಯೆ ಅಂದುಕೊಂಡೆ. ಇಂಟೆಲ್ ಸ್ಟೋರೇಜ್ ಡ್ರೈವರ್ ಹುಡುಕಿದೆ, ಪೆನ್ ಡ್ರೈವಿಗೆ ಹಾಕಿದೆ, ಲೋಡ್ ಮಾಡಿದೆ. ಬೇರೆ ವರ್ಷನ್ ಹಾಕಿದೆ. ಎರಡು ಗಂಟೆ ಹೋಯ್ತು. ಕೊನೆಗೆ ರಾಯರಿಗೆ ತೀರ್ಪು ಕೊಟ್ಟೆ: "ಎಸ್‌ಎಸ್‌ಡಿ ಸತ್ತಿದೆ ಸರ್, ಅಂಗಡಿಯವರು ಕೆಟ್ಟ ಪೀಸ್ ಕೊಟ್ಟಿದ್ದಾರೆ."

ಮಾರನೇ ದಿನ ಕೀಲ್ಪಾಕ್ ಮೆಡಿಕಲ್ ಕಾಲೇಜ್ ಸ್ಟೇಷನ್ನಲ್ಲಿ ಮೆಟ್ರೋ ಹತ್ತಿ, ಸೆಂಟ್ರಲ್‌ನಲ್ಲಿ ಬದಲಾಯಿಸಿ, ಗವರ್ನಮೆಂಟ್ ಎಸ್ಟೇಟ್‌ನಲ್ಲಿ ಇಳಿದು, ಬಿಸಿಲಲ್ಲಿ ನಡೆದು ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಜಗಳಕ್ಕೆ ಬೇಕಾದ ತಮಿಳು ವಾಕ್ಯ ಜೋಡಿಸ್ತಾ ಇದ್ದೆ. ಅಲ್ಲಿದ್ದ ಹುಡುಗ ಇಪ್ಪತ್ತರ ಆಸುಪಾಸಿನವನು. ಏನೂ ವಾದ ಮಾಡಲಿಲ್ಲ. ಎಸ್‌ಎಸ್‌ಡಿ ತಗೊಂಡು ತನ್ನ ಟೆಸ್ಟ್ ಬೋರ್ಡಿಗೆ ಹಾಕಿದ, ಬಯೋಸ್ ತೆರೆದ. ಹೆಸರು, ಸೈಜು, ಎಲ್ಲಾ ಬಂತು. "ಅಣ್ಣಾ, ಡ್ರೈವ್ ನಲ್ಲಾ ಇರುಕ್ಕು. ಬೋರ್ಡ್ ಮ್ಯಾನುಯಲ್ ಪಾತ್ತೀಂಗಳಾ?" ಅಂದ.

ಮ್ಯಾನುಯಲ್ ನೋಡಿರಲಿಲ್ಲ. ಬಯೋಸ್ ಕೂಡ ತೆರೆದಿರಲಿಲ್ಲ.

ಮನೆಗೆ ಬಂದು ನೋಡಿದರೆ ಎಂ.2 ಪುಟದಲ್ಲೇ ಸಣ್ಣ ಅಕ್ಷರದಲ್ಲಿ ಇದೆ: ಮೇಲಿನ ಸ್ಲಾಟ್ ಕೆಲಸ ಮಾಡೋದು ಹನ್ನೊಂದನೇ ತಲೆಮಾರಿನ ಪ್ರೊಸೆಸರ್ ಇದ್ದರೆ ಮಾತ್ರ. ಕಾರಣ ಸರಳ. ಆ ಸ್ಲಾಟಿನ ತಂತಿಗಳು ನೇರ ಪ್ರೊಸೆಸರಿಗೆ ಹೋಗ್ತವೆ. ಹನ್ನೊಂದನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರಿಂದ 20 ಪಿಸಿಐಇ ಲೇನ್‌ಗಳು ಹೊರಡ್ತವೆ: 16 ಗ್ರಾಫಿಕ್ಸ್ ಕಾರ್ಡಿಗೆ, 4 ಈ ಸ್ಲಾಟಿಗೆ. ಹತ್ತನೆಯದರಲ್ಲಿ ಇರೋದೇ 16. ಅಂದ್ರೆ ಗೋಡೆ ಮೇಲೆ ಸ್ವಿಚ್‌ಬೋರ್ಡ್ ಇದೆ, ಹಿಂದೆ ವೈರಿಂಗೇ ಇಲ್ಲ. ಎಷ್ಟು ಡ್ರೈವರ್ ಹಾಕಿದರೂ ಏನು ಬಂತು? ಎಸ್‌ಎಸ್‌ಡಿಯನ್ನ ಕೆಳಗಿನ ಸ್ಲಾಟಿಗೆ ಹಾಕಿದೆ. ಅದು ಚಿಪ್‌ಸೆಟ್ ಮೂಲಕ ಹೋಗುತ್ತೆ. ತಕ್ಷಣ ಕಾಣಿಸ್ತು.

ಇಲ್ಲಿ ನನ್ನ ತಪ್ಪು ಏನು? ಬಯೋಸಿಗೇ ಕಾಣದ ಡ್ರೈವಿಗೆ ವಿಂಡೋಸ್‌ನ ಔಷಧ ಕೊಟ್ಟೆ. ಅದಕ್ಕೇ ಮೊದಲು ಕೇಳಬೇಕು, ಯಾರಿಗೆ ಕಾಣಿಸ್ತಿಲ್ಲ? ಮೂರು ಸಾಕ್ಷಿಗಳಿದ್ದಾರೆ, ಇದೇ ಕ್ರಮದಲ್ಲಿ ವಿಚಾರಿಸಿ.

ಮೊದಲನೇ ಸಾಕ್ಷಿ ಬಯೋಸ್. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ ಸ್ಟೋರೇಜ್ ಪುಟ ನೋಡಿ. ಅಲ್ಲೇ ಇಲ್ಲ ಅಂದ್ರೆ ಸಮಸ್ಯೆ ಹಾರ್ಡ್‌ವೇರಿಂದು ಅಥವಾ ಬಯೋಸ್ ಸೆಟ್ಟಿಂಗಿಂದು, ವಿಂಡೋಸನ್ನ ಬೈಬೇಡಿ. ಪವರ್ ಕೇಬಲ್ ಕಿತ್ತು, ಎಸ್‌ಎಸ್‌ಡಿ ತೆಗೆದು, ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಮಲಗಿಸಿ ಸ್ಕ್ರೂ ಹಾಕಿ. ಎಂ.2 ಅನ್ನೋದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿನೂ ಬರುತ್ತೆ, ಎನ್‌ವಿಎಂಇನೂ ಬರುತ್ತೆ. ಎನ್‌ವಿಎಂಇ ಮಾತ್ರ ಒಪ್ಪೋ ಸ್ಲಾಟಿಗೆ ಸಾಟಾ ಹಾಕಿದರೆ ಅದು ಸಲೀಸಾಗಿ ಕೂರುತ್ತೆ, ಆದರೆ ಕಾಣಿಸಲ್ಲ. ಇನ್ನೂ ಒಂದು: ಎಷ್ಟೋ ಬೋರ್ಡುಗಳಲ್ಲಿ ಒಂದು ಎಂ.2 ಸ್ಲಾಟ್ ತುಂಬಿಸಿದರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗ್ತವೆ. "ನಿನ್ನೆವರೆಗೆ ಇದ್ದ ಹಾರ್ಡ್ ಡಿಸ್ಕ್ ಇವತ್ತು ಮಾಯ" ಅಂದ್ರೆ ಮೊದಲು ಬೇರೆ ಪೋರ್ಟಿಗೆ ಹಾಕಿ ನೋಡಿ. ಒಂದು ಎಚ್ಚರಿಕೆ: ಕೇಬಲ್ ಬಿಚ್ಚಿ ಹಾಕೋಕೆ ಬರೋ ಪವರ್ ಸಪ್ಲೈ ಆಗಿದ್ದರೆ, ಬೇರೆ ಪವರ್ ಸಪ್ಲೈ ಜೊತೆ ಬಂದ ಕೇಬಲ್ ಯಾವತ್ತೂ ಹಾಕಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ಜೋಡಣೆ ಬೇರೆ ಇರಬಹುದು, ಡಿಸ್ಕ್ ಸುಟ್ಟುಹೋಗುತ್ತೆ.

ಎರಡನೇ ಸಾಕ್ಷಿ ಇನ್‌ಸ್ಟಾಲರ್. ಬಯೋಸಲ್ಲಿ ಇದೆ, ಇಲ್ಲಿ ಇಲ್ಲ ಅಂದ್ರೆ ಈಗ ಡ್ರೈವರ್ ಮಾತು ಬರುತ್ತೆ. ಇಂಟೆಲ್ ಹನ್ನೊಂದನೇ ತಲೆಮಾರಿನಿಂದ ಈಚೆಗೆ ವಿಎಂಡಿ ಅಂತ ಒಂದು ವ್ಯವಸ್ಥೆ ಇದೆ. ಅದು ಆನ್ ಇದ್ದರೆ ಡ್ರೈವ್ ಅದರ ಮರೆಯಲ್ಲಿ ನಿಂತಿರುತ್ತೆ. ಇಂಟೆಲ್‌ನ ಡ್ರೈವರ್ ಲೋಡ್ ಮಾಡಿ, ಅಥವಾ ಬಯೋಸಲ್ಲಿ ವಿಎಂಡಿ ಆರಿಸಿ. ಆದ್ರೆ ಆರಿಸೋದು ಹೊಸ ಇನ್‌ಸ್ಟಾಲ್ ಮಾಡುವಾಗ ಮಾತ್ರ. ಓಡ್ತಾ ಇರೋ ವಿಂಡೋಸ್‌ನಲ್ಲಿ ಸುಮ್ಮನೆ ಆರಿಸಿದರೆ ಅದು ಬೂಟ್ ಆಗದೇ ಹೋಗಬಹುದು.

ಮೂರನೇ ಸಾಕ್ಷಿ ವಿಂಡೋಸ್. ಎರಡನೇ ಡ್ರೈವ್ ಹಾಕಿದ್ದೀರಿ, 'ದಿಸ್ ಪಿಸಿ'ಯಲ್ಲಿ ಕಾಣಿಸ್ತಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಹೊಚ್ಚ ಹೊಸ ಡಿಸ್ಕ್ ಆದರೆ ಅಲ್ಲಿ ಕಪ್ಪು ಪಟ್ಟಿಯಾಗಿ ಬಿದ್ದಿರುತ್ತೆ. ಇನಿಷಿಯಲೈಸ್ ಮಾಡಿ, ಜಿಪಿಟಿ ಆರಿಸಿ, ವಾಲ್ಯೂಮ್ ಮಾಡಿ. ಮುಗೀತು. ಆದರೆ ಈ ಮಾತು ಹೊಸ ಡಿಸ್ಕಿಗೆ ಮಾತ್ರ. ಹಳೇ ಡಿಸ್ಕ್ ಆದರೆ ಮೌಸ್ ಕೈಬಿಟ್ಟು ಈ ಮುಂದಿನ ಕಥೆ ಕೇಳಿ.

ರಾಯರ ಹತ್ತಿರ 3 ಟಿಬಿಯ ಒಂದು ಹಳೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇತ್ತು, ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ತಗೊಂಡಿದ್ದು. ಅದರ ಪವರ್ ಪಿನ್ ಸಡಿಲ, ಅಲ್ಲಾಡಿದರೆ ಆಫ್. ನಾನು ಬುದ್ಧಿವಂತ ಅಲ್ವಾ, ಡಬ್ಬಿ ಬಿಚ್ಚಿ ಡಿಸ್ಕನ್ನ ನೇರ ಹೊಸ ಕ್ಯಾಬಿನೆಟ್ ಒಳಗೆ ಸಾಟಾ ಕೇಬಲಿಗೆ ಹಾಕಿದೆ. "ಡಬ್ಬಿ ಇನ್ನು ಬೇಡ ಸರ್, ಒಗೀರಿ" ಅಂದೆ. ಬಯೋಸಲ್ಲಿ ಡಿಸ್ಕ್ ಬಂತು. ವಿಂಡೋಸಲ್ಲಿ ಅಕ್ಷರವೂ ಬಂತು. ಕ್ಲಿಕ್ ಮಾಡಿದರೆ, ಬಳಸೋ ಮುಂಚೆ ಫಾರ್ಮ್ಯಾಟ್ ಮಾಡ್ಬೇಕು, ಮಾಡಲಾ ಅಂತ ಕೇಳ್ತು.

ಹೇಗೂ ಒಳಗೆ ಏನೂ ಓದೋಕಾಗ್ತಿಲ್ಲ, ಮಾಡಿಬಿಡೋಣ ಅಂತ ಬಟನ್ ಹತ್ತಿರ ಹೋಗಿದ್ದೆ. ರಾಯರು ಹಿಂದೆ ಕುರ್ಚಿಯಲ್ಲಿ ಕೂತಿದ್ದರು. "ಅದನ್ನ ಒತ್ತಿದ್ರ ಏನಾಗ್ತದಪಾ?" ಅಂದರು. "ಡಿಸ್ಕ್ ಸರಿ ಹೋಗುತ್ತೆ ಸರ್, ಒಳಗಿಂದು ಹೋಗಬಹುದು." ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಮನಿಯೊಳಗಿನವರು ಹಾಡಿದ್ದೆಲ್ಲಾ ಅದರಾಗನ ಅದ ನೋಡಪಾ" ಅಂದರು. ಅವರ ಹೆಂಡತಿ ದಾಸರ ಪದ ಹಾಡ್ತಿದ್ದರಂತೆ. ಅವರು ಹೋಗಿ ಆಗ ಮೂರು ವರ್ಷ ಆಗಿತ್ತು. ಬೇರೆ ಕಾಪಿ ಇಲ್ಲ.

ಕೈ ತೆಗೆದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸುಮ್ಮನೆ ಓದಿದೆ. ಪಾರ್ಟಿಷನ್ ಇದೆ, ಆದರೆ ಅದರ ಸೈಜು 349 ಜಿಬಿ. ಉಳಿದಿದ್ದು ಖಾಲಿ. 3 ಟಿಬಿ ಡಿಸ್ಕನ್ನ ವಿಂಡೋಸ್ 2794 ಜಿಬಿ ಅಂತ ತೋರಿಸುತ್ತೆ. 2794ನ್ನ ಎಂಟರಿಂದ ಭಾಗಿಸಿ: 349. ಡಿಸ್ಕ್ ಹಾಳಾಗಿದ್ದರೆ ಲೆಕ್ಕ ಇಷ್ಟು ಸರಿಯಾಗಿ ಕೂರಲ್ಲ.

ಆಗಿದ್ದು ಇಷ್ಟು. ಹಳೇ ಎಂಬಿಆರ್ ಪದ್ಧತಿಯಲ್ಲಿ, 512 ಬೈಟಿನ ಸೆಕ್ಟರ್ ಲೆಕ್ಕದಲ್ಲಿ 2 ಟಿಬಿ ದಾಟೋಕಾಗಲ್ಲ. ಎಕ್ಸ್‌ಪಿಗೆ ಜಿಪಿಟಿ ಡಿಸ್ಕ್ ಓದೋಕೆ ಬರ್ತಿರಲಿಲ್ಲ. ಅದಕ್ಕೆ ಆ ಕಾಲದ ಕೆಲವು ಎಕ್ಸ್‌ಟರ್ನಲ್ ಡಬ್ಬಿಗಳು ಒಂದು ಉಪಾಯ ಮಾಡಿದವು: ಕಂಪ್ಯೂಟರಿಗೆ "ನನ್ನ ಸೆಕ್ಟರ್ 4096 ಬೈಟ್" ಅಂತ ಹೇಳಿದವು. ಎಂಟು ಪಟ್ಟು. ಡಬ್ಬಿ ತೆಗೆದು ನೇರ ಹಾಕಿದಾಗ ಡಿಸ್ಕ್ 512 ಅಂತು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎಂಟು ಗೇಣಿಗೆ ಒಂದು ಮಾರು. ಅಜ್ಜ ಹಿತ್ತಲಲ್ಲಿ ಏನೋ ಹೂತಿಟ್ಟು, "ಬಾವಿಯಿಂದ ಹತ್ತು" ಅಂತ ಚೀಟಿ ಬರೆದಿದ್ದಾನೆ. ಅವನು ಹೇಳಿದ್ದು ಹತ್ತು ಮಾರು. ನಾವು ಹತ್ತು ಗೇಣು ಅಳೆದು, ಅಗೆದು, ಇಲ್ಲೇನೂ ಇಲ್ಲ ಅಂತೀವಿ. ವಸ್ತು ಅಲ್ಲೇ ಇದೆ, ಅಳತೆಗೋಲು ಬದಲಾಗಿದೆ. ಇಂಥ ಹೊತ್ತಲ್ಲಿ ಫಾರ್ಮ್ಯಾಟ್ ಒತ್ತೋದು ಅಂದ್ರೆ ಅದೇ ಹಿತ್ತಲಲ್ಲಿ ಹೊಸ ಮನೆಗೆ ಪಾಯ ತೋಡಿದ ಹಾಗೆ.

ಸುಲಭದ ಪರಿಹಾರ, ಹಳೇ ಡಬ್ಬಿ. ಅದನ್ನೇ ನಾನು ಒಗೀರಿ ಅಂದಿದ್ದು. ಕೇಳೋಕೂ ನಾಚಿಕೆ. ರಾಯರು ಎದ್ದು ಒಳಗೆ ಹೋಗಿ, ಒಂದು ಪ್ಲಾಸ್ಟಿಕ್ ಚೀಲ ತಂದರು. "ಒಗಿ ಅಂದಿದ್ದಿ, ನಾ ಒಗದಿಲ್ಲ. ಎಂದರ ಬೇಕಾಗ್ತದ ಅಂತ ಇಟ್ಟೀನಿ." ಮತ್ತೆ ರಿಚ್ಚಿ ಸ್ಟ್ರೀಟ್, ಪವರ್ ಪಿನ್‌ಗೆ ಬೆಸುಗೆ. ಡಬ್ಬಿಗೆ ಡಿಸ್ಕ್ ಹಾಕಿ ಯುಎಸ್‌ಬಿಗೆ ಚುಚ್ಚಿದರೆ ಎಲ್ಲಾ ಫೋಲ್ಡರ್ ತೆರೆದುಕೊಂಡವು. ಮುಖ್ಯವಾದ್ದನ್ನ ಹೊಸ ಎಸ್‌ಎಸ್‌ಡಿಗೆ ಒಂದು ಕಾಪಿ, ಇನ್ನೊಂದು ಡಿಸ್ಕಿಗೆ ಒಂದು ಕಾಪಿ. ಅದೆಲ್ಲ ತೆರೆದು ಪರೀಕ್ಷಿಸಿದ ಮೇಲೇ ಹಳೇದರ ಕಡೆ ಕೈ ಹಾಕಿದ್ದು.

ಒಂದು ಸಣ್ಣ ಬಾಲ ಇದೆ. ರಾಯರು ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದ ಬರಹಗಳು ಹೊಸ ಕಂಪ್ಯೂಟರಲ್ಲಿ ಇಂಗ್ಲಿಷ್ ಅಕ್ಷರ ಚೆಲ್ಲಿದ ಹಾಗೆ ಕಂಡವು. "ಇದು ಕೆಟ್ಟು ಹೋಗ್ಯದ ಬಿಡು" ಅಂದರು. ಕೆಟ್ಟಿರಲಿಲ್ಲ. ಅವು ಯೂನಿಕೋಡ್‌ಗೆ ಮುಂಚಿನ ಫಾಂಟಿನ ಫೈಲುಗಳು. ಹಳೇ ನುಡಿ ಫಾಂಟ್ ಹಾಕಿದ ಕೂಡಲೇ ಕನ್ನಡ ಆಯ್ತು. ಅಲ್ಲೂ ಅದೇ ಪ್ರಶ್ನೆ ನೋಡಿ, ಯಾರಿಗೆ ಕಾಣಿಸ್ತಿಲ್ಲ?

ಹಾಗಾಗಿ ಮುಂದಿನ ಸಲ ಮೆಸೇಜ್ ಹಾಕುವಾಗ "ಡಿಟೆಕ್ಟ್ ಆಗ್ತಿಲ್ಲ" ಅಂತ ಮಾತ್ರ ಬರೀಬೇಡಿ. "ಬಯೋಸಲ್ಲಿ ಇದೆ, ಇನ್‌ಸ್ಟಾಲರಲ್ಲಿ ಇಲ್ಲ" ಅಂತ ಬರೀರಿ. ಬೋರ್ಡಿನ ಹೆಸರು, ಪ್ರೊಸೆಸರ್ ಹೆಸರು, ಯಾವ ಸ್ಲಾಟ್ ಅಂತ ಬರೀರಿ. ಅರ್ಧ ಉತ್ತರ ಬರೆಯೋವಾಗಲೇ ನಿಮಗೇ ಸಿಗುತ್ತೆ. ಡಿಸ್ಕಿಗೆ ಏನಾದರೂ ಬರೆಯೋ ಬಟನ್ ಬಂದಾಗ, ಕೈ ತೆಗೆದು, ಪರದೆ ಮೇಲಿನ ಅಂಕಿಗಳನ್ನ ಒಂದ್ಸಲ ಓದಿ.

ರಾಯರ ಮನೆಯಲ್ಲಿ ಈಗ ಬೆಳಿಗ್ಗೆ ಹೊತ್ತು ಹಾಡು ಕೇಳಿಸುತ್ತೆ. ಆ ಖಾಲಿ ಡಬ್ಬಿ ಇನ್ನೂ ಅವರ ಬೀರುವಿನಲ್ಲಿದೆ. ಒಗೀರಿ ಅಂತ ನಾನು ಮತ್ತೆ ಹೇಳಿಲ್ಲ.